ಫ್ಯೂಸ್ ಹಾಕುವವನು

ಶಂಶಾಬಾದ್ ದಾಟಿದ ಮೇಲೆ ಬೆಂಗಳೂರು ಹೆದ್ದಾರಿಯ ಎಡಮಗ್ಗುಲಿಗೆ ಕಲ್ಲೇಶನ ಅಂಗಡಿ. ಅಂಗಡಿ ಎಂದರೆ ಏನು ಮಹಾ, ಒಂದು ತಗಡಿನ ಶೆಡ್ಡು, ಹಿಂದೆ ಮಲಗಲು ಒಂದು ಕೋಣೆ, ಮುಂದೆ ಎರಡು ಲಾರಿ ನಿಲ್ಲುವಷ್ಟು ಜಾಗ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ. ಸದ್ದು ಬಂದಾಗ ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ನಿಲ್ಲಿಸಿದಲ್ಲಿಂದ ಮುಂದುವರಿಸುವುದು ಅಲ್ಲಿನವರ ರೂಢಿ. ಈ ಎರಡು ವರ್ಷದಿಂದ ಕಲ್ಲೇಶನಿಗೆ ಆ ತೊಂದರೆಯೂ ಇಲ್ಲ, ನಿಲ್ಲಿಸಲು ಮಾತೇ ಇರುವುದಿಲ್ಲ.

ಐವತ್ತಾರು ವರ್ಷದ ಮನುಷ್ಯ, ಶಹಾಪುರದ ಕಡೆಯವನು, ಲಾರಿಗಳಿಗೆ ವಾಯರಿಂಗ್ ಮಾಡುವುದು ಅವನ ಕಸುಬು. ಹೆಂಡತಿ ಬಂಡೆಮ್ಮ ತೀರಿಕೊಂಡು ಆರು ವರ್ಷವಾಯಿತು. ಮಗಳು ಭವಾನಿ ಇದೇ ಹೈದರಾಬಾದಿನಲ್ಲಿ, ಮಿಯಾಪುರದ ಹದಿನಾಲ್ಕನೆಯ ಮಹಡಿಯಲ್ಲಿದ್ದಾಳೆ. ಮಿಯಾಪುರಕ್ಕೆ ಮೆಟ್ರೊ ಇದೆ, ಶಂಶಾಬಾದಿಗೆ ಇಲ್ಲ. ಮೆಟ್ರೊ ಬಂದ ಮೇಲೆ ನಾನೂ ಬರುತ್ತೇನೆ ಎಂದು ಅವಳೇನು ಬಾಯಿಬಿಟ್ಟು ಹೇಳಿಲ್ಲ, ಆದರೆ ನಡೆದಿರುವುದು ಹಾಗೆಯೇ. ಗಿರಾಕಿಗಳ ಜೊತೆ ಕಲ್ಲೇಶ ತೆಲುಗು, ಹಿಂದಿ ಸಲೀಸಾಗಿ ಆಡುತ್ತಾನೆ. ಆ ಮಾತುಗಳೆಲ್ಲ ಬ್ಯಾಟರಿ, ಬಲ್ಬು, ಯಾವಾಗ ಆಗುತ್ತದೆ, ನಾಳೆ ಬಾ, ಇಷ್ಟರಲ್ಲಿ ಮುಗಿಯುತ್ತವೆ. ಊಟ ಆಯಿತೇ ಎಂದು ಅವನನ್ನು ಕೇಳುವ ಮಾತು ಯಾವ ಭಾಷೆಯಲ್ಲೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಅಂಗಡಿಯಲ್ಲಿ ಇಬ್ಬರಿದ್ದರು. ಇನ್ನೊಬ್ಬ ತಾಯಪ್ಪ, ಕಲ್ಲೇಶನ ಊರವನೇ, ಅವನ ಜೊತೆಗೇ ಬಸ್ಸು ಹತ್ತಿ ಹೈದರಾಬಾದಿಗೆ ಬಂದವನು. ಅಂಗಡಿ ಹಾಕಿದ ದಿನವೇ ತಾಯಪ್ಪ ಒಂದು ನಿಯಮ ಮಾಡಿದ: ವಾಯರ್ ಎಳೆದವನು ಫ್ಯೂಸ್ ಹಾಕಕೂಡದು. ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂಬುದು ಅವನ ವಾದ. ಹಾಗಾಗಿ ವಾಯರ್ ಎಳೆಯುವುದು ಕಲ್ಲೇಶನ ಪಾಲು. ಫ್ಯೂಸ್ ಇರಬೇಕಾದ ಜಾಗದಲ್ಲಿ ಸದ್ಯಕ್ಕೆ ಒಂದು ತುಂಡು ತಂತಿ ತುರುಕಿ, ಲೈಟು ಹತ್ತಿತೆಂದು ನೋಡಿಕೊಂಡು, ಫ್ಯೂಸನ್ನು ಸ್ಟೂಲಿನ ಮೇಲಿಟ್ಟು ಅವನು ಚಹಾಕ್ಕೆ ಹೋಗುವುದು. ಆಗ ತಾಯಪ್ಪ ಮೈಮುರಿದು ಎದ್ದು ಬ್ಯಾಟರಿಯಿಂದ ಲೈಟಿನ ತನಕ ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಜಗ್ಗಿ ನೋಡಿ, ತುಂಡು ತಂತಿಯನ್ನು ಕಿತ್ತೆಸೆದು, ಫ್ಯೂಸ್ ಕೂರಿಸುವುದು. ವಾಯರ್ ಎಲ್ಲಾದರೂ ತಿಕ್ಕಿ ಲಾರಿಯ ಮೈಗೆ ತಗುಲಿದರೆ ಫ್ಯೂಸ್ ತಾನು ಸುಟ್ಟುಹೋಗಿ ಗಾಡಿಯನ್ನು ಉಳಿಸುತ್ತದೆ. ತುಂಡು ತಂತಿಗೆ ಆ ಔದಾರ್ಯ ಇಲ್ಲ, ವಾಯರ್ ಕೆಂಪಗೆ ಕಾಯುವ ತನಕ ಅದು ಬಿಡುವುದಿಲ್ಲ.

ಅವರಿಬ್ಬರೂ ಮಾತು ಬಿಟ್ಟದ್ದು ಎಲ್‌ಇಡಿ ಬಾರಿನ ಸಲುವಾಗಿ. ಲಾರಿಯ ಹಣೆಯ ಮೇಲೆ ಉದ್ದಕ್ಕೆ ಕೂರಿಸುವ ಆ ಬಿಳೀ ಬೆಳಕಿನ ಪಟ್ಟಿ ಈಗ ಎಲ್ಲ ಡ್ರೈವರುಗಳಿಗೂ ಬೇಕು. ಕಾನೂನಿನ ಪ್ರಕಾರ ಹಾಕಬಾರದು, ಹಿಡಿದರೆ ದಂಡ, ಆದರೂ ಬೇಕು. ಒಂದು ಸಂಜೆ ತಾಯಪ್ಪ ಸ್ಕೂಟರಿನಲ್ಲಿ ಬರುತ್ತಿದ್ದಾಗ ಎದುರಿನ ಲಾರಿಯ ಬಾರ್ ಕಣ್ಣಿಗೆ ಹೊಡೆದು, ದಾರಿ ಕಾಣದೆ ಸ್ಕೂಟರ್ ಸಮೇತ ಚರಂಡಿಗೆ ಹೋದ. ಭುಜದ ಎಲುಬು ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಬಂದವನೇ, ಇನ್ನು ಈ ಲೈಟು ಕೂರಿಸುವುದು ಬೇಡ ಎಂದ. ಬೇಡ ಎಂದರೆ ಹೊಟ್ಟೆಗೇನು ಎಂದ ಕಲ್ಲೇಶ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಲ್ಲೇಶನ ಬಾಯಿಂದ ಬರಬಾರದ ಮಾತು ಬಂತು.

"ಇಪ್ಪತ್ತು ವರ್ಷ ನೀ ಮಾಡಿದ್ದರ ಏನು? ಫ್ಯೂಸ್ ಹಾಕಿದಿ, ಅಷ್ಟ. ಫ್ಯೂಸ್ ಹಾಕಾಕ ನನಗ ಯಾರರೇ ಸಿಗ್ತಾರ."

ತಾಯಪ್ಪ ತನ್ನ ಟೆಸ್ಟರ್ ಮತ್ತು ಇಕ್ಕಳ ಎರಡನ್ನೇ ಚೀಲಕ್ಕೆ ಹಾಕಿಕೊಂಡು ಹೋದ. ಇದೇ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಮುಂದೆ, ಜಡಚರ್ಲದಲ್ಲಿ, ಭಾವಮೈದುನನ ಟೈರ್ ಅಂಗಡಿಯ ಪಕ್ಕದಲ್ಲಿ ಕುಳಿತಿದ್ದಾನೆಂದು ಆಮೇಲೆ ಡ್ರೈವರುಗಳಿಂದ ತಿಳಿಯಿತು. ಒಂದು ಫೋನ್ ಮಾಡಲು ಕಲ್ಲೇಶನಿಗೆ ಎರಡು ವರ್ಷ ಸಾಲಲಿಲ್ಲ. ಅವನಿಗೆ ತಪ್ಪು ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಒಬ್ಬನೇ ವಾಯರ್ ಎಳೆದ, ಒಬ್ಬನೇ ಫ್ಯೂಸ್ ಹಾಕಿದ. ಈ ಎರಡು ವರ್ಷದಲ್ಲಿ ಒಮ್ಮೆಯೂ ಮರೆಯಲಿಲ್ಲ. ಅಂಗಡಿಯಲ್ಲಿ ಇನ್ನೊಬ್ಬನಿಲ್ಲ ಎಂಬುದು ಎಷ್ಟೊತ್ತಿಗೂ ಎದುರಿಗೇ ಕಾಣುತ್ತಿದ್ದಾಗ ಮರೆಯುವುದಾದರೂ ಹೇಗೆ?

ಆ ಬುಧವಾರ ಬೆಳಿಗ್ಗೆ ಹತ್ತು ಗಾಲಿಯ ಲಾರಿಯೊಂದು ಬಂದು ನಿಂತಿತು. ಆದಿಲಾಬಾದಿನಿಂದ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ತುಂಬಿಕೊಂಡು ಸೇಲಂ ಕಡೆಯ ಗಿರಣಿಗೆ ಹೊರಟದ್ದು. ಡ್ರೈವರ್ ಬಾರನ್ನು ತಾನೇ ಕೊಂಡು ತಂದಿದ್ದ, ಕೂರಿಸಿ ಕೊಟ್ಟರೆ ಸಾಕು ಎಂದು ಹಿಂದಿಯಲ್ಲಿ ಹೇಳಿದ. ಕಲ್ಲೇಶ ಕ್ಯಾಬಿನ್ನಿನ ಮೇಲೆ ಹತ್ತಿ ಬೋಲ್ಟ್ ಬಿಗಿಯುತ್ತಿದ್ದಾಗ ಪಾನಾ ಕೈಜಾರಿ ಬೆರಳಿಗೆ ಬಡಿಯಿತು. ಪಾನಾದ ಅಪ್ಪ ಅಜ್ಜ ಎಲ್ಲರನ್ನೂ ಸೇರಿಸಿ ಅವನು ಕನ್ನಡದಲ್ಲಿ ಬೈದ. ಕೆಳಗಿದ್ದ ಡ್ರೈವರ್ ತಲೆ ಎತ್ತಿದ.

"ಕಾಕಾ, ನಮ್ಮ ಕಡೇರೇನ್ರಿ ನೀವು?"

"ಶಹಾಪುರ. ನಿಂದ್ಯಾವ ಊರು ತಮ್ಮಾ?"

"ಹುಮನಾಬಾದ್‌ರಿ. ಗುರುಬಸವ ಅಂತಾರ್ರಿ ನನಗ."

ಅಲ್ಲಿಂದ ಸುರುವಾದ ಮಾತು ಮೂರು ಗಂಟೆ ನಡೆಯಿತು. ಗುರುಬಸವನಿಗೆ ಮೂವತ್ತೈದರ ಆಸುಪಾಸು, ಬಾಯಿ ಮಾತ್ರ ಎಪ್ಪತ್ತರದು. ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಆದಿಲಾಬಾದ್ ಮುಟ್ಟುವ ತನಕ ಬಂದದ್ದು, ಮಾವನ ಎಮ್ಮೆ ಈಯದೆ ಸತಾಯಿಸುತ್ತಿರುವುದು, ತಮಿಳುನಾಡಿನಲ್ಲಿ ಉಪ್ಪಿಟ್ಟು ಕೇಳಿದರೆ ಬೇರೆಯೇ ಏನೋ ಕೊಡುವುದು, ಒಂದಾದ ಮೇಲೊಂದು ಬಂದವು. ಕಲ್ಲೇಶ ಹೂಂಗುಟ್ಟುತ್ತ ವಾಯರ್ ಎಳೆದ. ಬ್ಯಾಟರಿಯಿಂದ ಕ್ಯಾಬಿನ್ನಿನ ಹಿಂದುಗಡೆ ಮೇಲೆ ಹತ್ತಿಸಿದ, ರಿಲೇ ಕೂರಿಸಿದ, ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಸ್ವಿಚ್ ಇಟ್ಟ, ಅರ್ಥ್ ವಾಯರನ್ನು ಲಾರಿಯ ಮೈಗೆ ಜೋಡಿಸಲು ಪೇಂಟ್ ಕೆರೆದು ಬೆಳ್ಳಗೆ ಲೋಹ ಕಾಣಿಸಿದ ಮೇಲೆ ಬೋಲ್ಟ್ ಹಾಕಿದ. ನಡುವೆ ತಾನೂ ಮಾತಾಡಿದ. ಬಂಡೆಮ್ಮನ ಪುಂಡಿಪಲ್ಯದ ಸುದ್ದಿ ಹೇಳಿದ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಸುತ್ತುಬಳಸುವುದೇಕೆ, ಅವನಿಗೆ ಆ ದಿನ ಭಾಳ ಸಂತೋಷವಾಗಿತ್ತು.

"ಸ್ವಿಚ್ ಒತ್ತು ತಮ್ಮಾ," ಎಂದ. ಹಾಡಹಗಲಿನಲ್ಲೇ ಬಾರ್ ಕಣ್ಣು ಕುಕ್ಕುವಂತೆ ಹತ್ತಿತು. ಇಬ್ಬರೂ ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದರು. ಎರಡೂವರೆಗೆ ಗುರುಬಸವ ಲಾರಿ ಹತ್ತಿದ.

"ಬರ್ತೀನ್ರಿ ಕಾಕಾ. ಮತ್ತ ಈ ಕಡೆ ಬಂದಾಗ ಹಾಯ್ದು ಹೋಗ್ತೀನಿ."

ಲಾರಿ ಕಣ್ಮರೆಯಾಗುವ ತನಕ ಕಲ್ಲೇಶ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಗಿರಾಕಿಯೊಬ್ಬನನ್ನು ಹಾಗೆ ಕಳಿಸಿಕೊಟ್ಟವನಲ್ಲ ಅವನು.

ಒಳಗೆ ಬಂದು ಕೋಣೆಯಲ್ಲಿ ಒಂದು ಗಂಟೆ ಅಡ್ಡಾದ. ಎದ್ದು ಸಾಮಾನು ಎತ್ತಿಡಲು ಹೊರಟಾಗ ಸ್ಟೂಲಿನ ಮೇಲೆ ಕಣ್ಣು ಬಿತ್ತು. ನೀಲಿ ಬಣ್ಣದ ಫ್ಯೂಸ್ ಅಲ್ಲಿ ಕೂತಿತ್ತು.

ಕಲ್ಲೇಶ ಅದನ್ನು ಕೈಗೆತ್ತಿಕೊಂಡ. ಏನಾಗಿದೆ ಎಂದು ತಿಳಿಯಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ತುಂಡು ತಂತಿ ತುರುಕಿದ್ದ, ಲೈಟು ನೋಡಿದ್ದ, ಫ್ಯೂಸ್ ಸ್ಟೂಲಿನ ಮೇಲಿಟ್ಟು ಚಹಾಕ್ಕೆ ಹೋಗಿದ್ದ. ಪಕ್ಕದಲ್ಲಿ ಕನ್ನಡದ ಮಾತು ಹರಿಯುತ್ತಿದ್ದರೆ ಇಪ್ಪತ್ತೆರಡು ವರ್ಷ ಪಳಗಿದ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತ್ತು. ತನ್ನ ಪಾಲಿನ ಕೆಲಸ ಮುಗಿಸಿ, ಉಳಿದದ್ದನ್ನು ಇನ್ನೊಬ್ಬನಿಗೆ ಬಿಟ್ಟಿತ್ತು. ಆ ಇನ್ನೊಬ್ಬ ಜಡಚರ್ಲದಲ್ಲಿದ್ದ.

ಲಾರಿಯಲ್ಲಿ ಹತ್ತಿ. ಬ್ಯಾಟರಿಯ ವಾಯರ್ ಹಾದು ಹೋದದ್ದು ಕ್ಯಾಬಿನ್ನಿನ ಹಿಂದೆ, ಅಂಡಿಗೆಗಳಿಂದ ಮೊಳದಷ್ಟು ದೂರದಲ್ಲಿ. ಕ್ಯಾಬಿನ್ ಕುಲುಕಿದಾಗಲೆಲ್ಲ ಅಲ್ಲಿ ವಾಯರ್ ತಿಕ್ಕುತ್ತದೆ. ಅದರ ಮೇಲಿನ ರಬ್ಬರ್ ಹೋದ ದಿನ, ಅದು ಇವತ್ತೇ ಆಗಬಹುದು, ಬೆಂಕಿ ಹತ್ತಿಕೊಳ್ಳುವುದು ಹಿಂದಿನಿಂದ. ಮುಂದೆ ಕೂತು ಮಾವನ ಎಮ್ಮೆಯ ಚಿಂತೆ ಮಾಡುತ್ತಿರುವವನಿಗೆ ತಿಳಿಯುವುದು ಕೊನೆಗೆ.

ಗುರುಬಸವನ ಫೋನ್ ನಂಬರ್ ಅವನ ಬಳಿ ಇರಲಿಲ್ಲ. ಮೂರು ಗಂಟೆ ಮಾತಾಡಿ ಎಮ್ಮೆಯ ಬಣ್ಣದ ತನಕ ತಿಳಿದುಕೊಂಡಿದ್ದ, ನಂಬರ್ ಕೇಳಿರಲಿಲ್ಲ. ನಂಬರ್ ಬರೆದುಕೊಳ್ಳುವುದೂ ತಾಯಪ್ಪನ ಕೆಲಸವೇ ಆಗಿತ್ತು. ಲಾರಿಯ ಹಿಂದೆ ಸ್ಕೂಟರ್ ಓಡಿಸಿದರೂ ಹಿಡಿಯುವುದು ಸಾಧ್ಯವಿರಲಿಲ್ಲ, ಅದು ಹೋಗಿ ಗಂಟೆಯ ಮೇಲಾಗಿತ್ತು. ಆ ಲಾರಿ ಜಡಚರ್ಲ ದಾಟಲು ಇನ್ನೂ ಅರ್ಧ ಗಂಟೆ ಬೇಕು. ಅಲ್ಲಿ ಅದನ್ನು ನಿಲ್ಲಿಸಿ, ನೋಡಿ, ಸರಿಮಾಡಬಲ್ಲವನು ಒಬ್ಬನೇ.

ಕಲ್ಲೇಶ ಫೋನ್ ಮಾಡಿದ. ರಿಂಗ್ ಪೂರ್ತಿ ಆಗಿ ನಿಂತಿತು. ಮತ್ತೆ ಮಾಡಿದ, ಮತ್ತೆ ನಿಂತಿತು. ಮೂರನೆಯ ಸಲ ಅರ್ಧಕ್ಕೇ ಕಟ್ ಆಯಿತು. ಅಂದರೆ ಫೋನ್ ಕೈಯಲ್ಲಿದೆ, ಹೆಸರು ಓದಿದ್ದಾನೆ, ಎತ್ತಲು ಮನಸ್ಸಿಲ್ಲ. ಕಲ್ಲೇಶ ವಾಟ್ಸಾಪಿನಲ್ಲಿ ದನಿ ಕಳಿಸಲು ಗುಂಡಿ ಒತ್ತಿದ. "ತಾಯಪ್ಪಾ, ಇವತ್ತ ಗಿರಾಕಿ ಭಾಳ ಇದ್ರು, ಅದಕ್ಕ..." ಎಂದು ಸುರುಮಾಡಿ ಅಳಿಸಿದ. ಗಿರಾಕಿ ಭಾಳ ಇರಲಿಲ್ಲ. ಇನ್ನೊಮ್ಮೆ ಒತ್ತಿದ.

"ತಾಯಪ್ಪಾ, ನಾ ಫ್ಯೂಸ್ ಹಾಕೂದು ಮರತೀನಿ. ತುಂಡು ತಂತಿ ಹಂಗ ಐತಿ. ಹಳದಿ ಮಾರಿದು ಹತ್ತು ಗಾಲಿ ಗಾಡಿ, ಮ್ಯಾಲ ನೀಲಿ ತಾಡಪತ್ರಿ, ಹತ್ತಿ ಲೋಡ್. ಹುಡುಗನ ಹೆಸರು ಗುರುಬಸವ, ಹುಮನಾಬಾದಿನಾವ. ನಾಕೂಕಾಲಿಗೆ ನಿನ್ನ ಅಂಗಡಿ ಮುಂದ ಬರ್ತಾನ. ನಿಲ್ಲಸು. ನನಗ ಆಮ್ಯಾಲೆ ಬೈ, ಎಷ್ಟರೇ ಬೈ. ಮದ್ಲ ಗಾಡಿ ನಿಲ್ಲಸು."

ಎರಡು ಗೀಟು ಬಿದ್ದವು. ಐದು ನಿಮಿಷ ಬೂದಿ ಬಣ್ಣದಲ್ಲೇ ಇದ್ದವು, ಆಮೇಲೆ ನೀಲಿಯಾದವು. ಉತ್ತರ ಬರಲಿಲ್ಲ.

ಕಲ್ಲೇಶ ಅಂಗಡಿಯ ಮುಂದೆ ಅಡ್ಡಾಡಿದ. ಕೇಳಿದ್ದಾನೆ, ಆದರೆ ಏನು ಮಾಡಿದ್ದಾನೆ? ಆ ಲೈಟನ್ನು ಮುಟ್ಟುವುದಿಲ್ಲ ಎಂದು ಅಂಗಡಿಯನ್ನೇ ಬಿಟ್ಟು ಹೋದವನು ಅವನು. ಫ್ಯೂಸ್ ಹಾಕಲು ಯಾರಾದರೂ ಸಿಗುತ್ತಾರೆ ಅನ್ನಿಸಿಕೊಂಡವನು. ಈಗ ಯಾರೂ ಸಿಗದಿದ್ದರೆ ನನಗೇನು ಎಂದು ಅವನು ಸುಮ್ಮನಿದ್ದರೆ ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಾಲ್ಕೂಕಾಲು ಆಯಿತು, ನಾಲ್ಕೂವರೆ ಆಯಿತು. ಒಬ್ಬ ಸರದಾರ್ಜಿ ಹಾರ್ನ್ ಸರಿಮಾಡಿಸಲು ಬಂದು, ಕಲ್ಲೇಶನ ಮುಖ ನೋಡಿ, ಮನೆಯಲ್ಲಿ ಯಾರಾದರೂ ಹೋದರೇ ಎಂದು ಕೇಳಿ ಹೊರಟುಹೋದ. ತನಗೆ ಏನಾದರೂ ಆದರೆ ಹೇಳಿಕೊಳ್ಳಲು ಇಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ಇಲ್ಲವೆಂಬುದು ಆಗ ಅವನಿಗೆ ಸರಿಯಾಗಿ ತಿಳಿಯಿತು. ಐದಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಕಾಕಾ, ನಾನ್ರಿ, ಗುರುಬಸವ. ಇಲ್ಲಿ ಜಡಚರ್ಲಾದಾಗ ಒಬ್ರು ನಡುರೋಡಿನಾಗ ಕೈ ಅಗಲಿಸಿ ನಿಂತಿದ್ರು. ನಾ ಆರ್‌ಟಿಓ ಅಂತ ತಿಳಕೊಂಡು ಲೈಟಿಗೆ ಟವೆಲ್ ಮುಚ್ಚಾಕ ಹೊಂಟಿದ್ದೆ ನೋಡ್ರಿ."

ಕಲ್ಲೇಶ ಸ್ಟೂಲಿನ ಮೇಲೆ ಕುಳಿತ. "ಫ್ಯೂಸ್ ಹಾಕಿದ್ನೇನು?"

"ಹಾಕ್ಯಾರ್ರಿ. ವಾಯರ್ ಆಗಲೇ ತಿಕ್ಕಿ ಬೆಳ್ಳಗಾಗಿತ್ತಂತ. ಅಲ್ಲಿ ರಬ್ಬರ್ ಕೊಳವಿ ಹಾಕಿ ಕಟ್ಯಾರ. ಲೈಟೂ ಬಗ್ಗಿಸಿ ಕೂಡ್ರಿಸಿದ್ರು, ಬೆಳಕು ನೆಲಕ್ಕ ಬೀಳಬೇಕು, ಮಂದಿ ಕಣ್ಣಾಗ ಅಲ್ಲ ಅಂತ ನನಗ ಬೈದ್ರು. ನಿಮ್ಮ ನಂಬರ್ ಅವರೇ ಹೇಳಿದ್ರು ನೋಡ್ರಿ, ಬಾಯಿಪಾಠ."

"ಅವ ಅಲ್ಲೇ ಅದಾನೇನು?"

"ಬಾಜೂಕ ನಿಂತಾರ್ರಿ. ಕೊಡಲೇನ್ರಿ?"

ಬೇಡ ಎಂಬ ದನಿ ಆಚೆಯಿಂದ ಕೇಳಿಸಿತು. ಎರಡು ವರ್ಷದ ಮೇಲೆ ಕೇಳಿದ ಒಂದು ಮಾತು, ಅದೂ ಬೇಡ ಎಂಬುದು.

"ಬ್ಯಾಡಂತ್ರಿ," ಎಂದ ಗುರುಬಸವ. ಆಮೇಲೆ ಸ್ವಲ್ಪ ಹೊತ್ತು ಆಚೆ ಗುಸುಗುಸು ನಡೆಯಿತು. "ಅವರು ಕೇಳಾಕತ್ತಾರ್ರಿ. ಎರಡು ವರ್ಷ ಒಬ್ಬನ ಮಾಡ್ಯಾನಲ್ಲ, ಇವತ್ತ ಹ್ಯಾಂಗ ಮರತ ಅಂತ."

ವಿಮಾನವೊಂದು ಇಳಿಯಿತು. ಅದರ ಸದ್ದು ಪೂರ್ತಿ ಹೋಗುವ ತನಕ ಕಲ್ಲೇಶ ಕಾದ.

"ನೀ ಕನ್ನಡ ಮಾತಾಡಾಕತ್ತಿದ್ದಿಯಲ್ಲ ತಮ್ಮಾ, ಅದಕ್ಕ. ಅವ ಇದ್ದಾನ ಅಂತ ತಿಳಕೊಂಡೆ ಅಂತ ಹೇಳು."

ಗುರುಬಸವ ಅದನ್ನು ಹಾಗೆಯೇ ದಾಟಿಸಿದ್ದು ಕೇಳಿಸಿತು: ನೀವು ಇದ್ದೀರಿ ಅಂತ ತಿಳಕೊಂಡಿದ್ರಂತ್ರಿ. ಆಚೆ ಲಾರಿಗಳು ಹಾದುಹೋಗುವುದು ಮಾತ್ರ ಕೇಳುತ್ತಿತ್ತು.

"ಆ ಕಡೆ ಮಾರಿ ಮಾಡಿ ನಿಂತಾರ್ರಿ ಕಾಕಾ," ಎಂದು ಗುರುಬಸವ ದನಿ ಇಳಿಸಿ ಹೇಳಿದ. ಆಮೇಲೆ, "ಹೇಳಾಕತ್ತಾರ ಕೇಳ್ರಿ," ಎಂದ. "ಇನ್ನ ಮ್ಯಾಲೆ ಗಾಡಿ ಬಿಡೂಕಿಂತ ಮದ್ಲ ಫೋನ್ ಮಾಡಬೇಕಂತ. ಫ್ಯೂಸ್ ಹಾಕಿದಿ ಇಲ್ಲೋ ಅಂತ ಅವರು ಕೇಳ್ತಾರಂತ. ಬ್ಯಾರೆ ಮಾತು ಬ್ಯಾಡಂತ್ರಿ."

ಮರುದಿನ ಒಂದು ಮರಳಿನ ಲಾರಿಯ ಕೆಲಸ ಮುಗಿಸಿ ಕಲ್ಲೇಶ ಫೋನ್ ಮಾಡಿದ. ಒಂದೇ ರಿಂಗಿಗೆ ಎತ್ತಿದ ತಾಯಪ್ಪ.

"ಫ್ಯೂಸ್?"

"ಹಾಕೀನಿ."

ಕಟ್. ಅಷ್ಟೇ. ಅದರ ಮರುದಿನವೂ ಅಷ್ಟೇ. ಲಾರಿ ಬಂದ ದಿನವೆಲ್ಲ ಹೀಗೇ ನಡೆಯಿತು, ಮಳೆಗಾಲ ಕಳೆಯುವ ತನಕ ನಡೆಯಿತು. ಕ್ಷಮಿಸು ಎನ್ನಬೇಕೆಂದು ಕಲ್ಲೇಶ ಪ್ರತಿದಿನ ಅಂದುಕೊಳ್ಳುತ್ತಿದ್ದ. ಆ ಮಾತು ತೆಗೆಯುವಷ್ಟು ಸಂದು ಆ ಎರಡು ಮಾತಿನ ನಡುವೆ ಇರುತ್ತಿರಲಿಲ್ಲ. ಬೇರೆ ಮಾತು ಆಡಿ ಇದೂ ತಪ್ಪಿಹೋದರೆ ಎಂಬ ಭಯವೂ ಇತ್ತು. ಬಾರ್ ಕೂರಿಸುವ ಕೆಲಸ ಅವನು ಬಿಡಲಿಲ್ಲ, ಆದರೆ ಬೆಳಕು ನೆಲಕ್ಕೆ ಬೀಳುವಂತೆ ಬಗ್ಗಿಸದೆ ಒಂದನ್ನೂ ಬಿಗಿಯಲಿಲ್ಲ. ಬಗ್ಗಿಸುವುದು ಬೇಡವೆಂದ ಡ್ರೈವರುಗಳನ್ನು ಬೇರೆ ಅಂಗಡಿಗೆ ಕಳಿಸಿದ. ಇದನ್ನೂ ತಾಯಪ್ಪನಿಗೆ ಹೇಳಲಿಲ್ಲ.

ಆಮೇಲೆ ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಲಾರಿಯವರು ಗಾಡಿ ತೊಳೆದು, ಕುಂಬಳಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ ಸುಮ್ಮನಿರುತ್ತಾರೆ, ಹೊಸ ಕೆಲಸ ಮಾಡಿಸುವುದಿಲ್ಲ. ಅಂಗಡಿ ಹಾಕಿದಂದಿನಿಂದ ಕಲ್ಲೇಶನೂ ತಾಯಪ್ಪನೂ ಅಮಾವಾಸ್ಯೆಗೆ ಬ್ಯಾಟರಿ ಮುಟ್ಟಿದವರಲ್ಲ. ಆ ದಿನ ಬೆಳಗಿನಿಂದ ಒಂದು ನರಪಿಳ್ಳೆಯೂ ಅಂಗಡಿಯ ಕಡೆ ಬರಲಿಲ್ಲ. ಕಲ್ಲೇಶ ಅನ್ನ ಮಾಡಿಕೊಂಡು ಉಂಡ, ಪಾತ್ರೆ ತೊಳೆದ, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದ. ಭವಾನಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂದಳು. ಐದು ಗಂಟೆಯ ಹೊತ್ತಿಗೆ ಅಂಗಳಕ್ಕೆ ಬಂದು, ಖಾಲಿ ಜಾಗದ ಮುಂದೆ ನಿಂತು, ತಾಯಪ್ಪನ ನಂಬರ್ ಒತ್ತಿದ.

"ಫ್ಯೂಸ್?"

"ಹಾಕೀನಿ."

ಕಟ್ ಆಗಲಿಲ್ಲ. ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದು ದಿನವೂ ಹಿಂದಿನಿಂದ ಕೇಳುತ್ತಿತ್ತು, ಅಮಾವಾಸ್ಯೆಯೆಂದು ಅದೂ ನಿಂತಿತ್ತು. ಕಲ್ಲೇಶ ಫೋನನ್ನು ಕಿವಿಗೆ ಒತ್ತಿ ಹಿಡಿದು ಸಿಕ್ಕಿಬಿದ್ದವನಂತೆ ನಿಂತ.

"ಯಾವ ಗಾಡಿ?" ಎಂದ ತಾಯಪ್ಪ.

ಕಲ್ಲೇಶ ಎದುರಿನ ಖಾಲಿ ಅಂಗಳ ನೋಡಿದ. "ಹತ್ತು ಗಾಲಿದು."

"ಲೋಡ್?"

"ಜ್ವಾಳ."

"ಅರ್ಥ್ ಎಲ್ಲಿ ಕೊಟ್ಟಿ?"

"ಕ್ಯಾಬಿನ್ ಬುಡಕ. ಪೇಂಟ್ ಕೆರದು ಕೊಟ್ಟೀನಿ."

"ಹಿಂದ ತಿಕ್ಕೂ ಜಾಗಾದಾಗ ಕೊಳವಿ?"

"ಹಾಕೀನಿ."

"ಎರಡೂ ಕಡೆ ಕಟ್ಟಿದಿ?"

"ಎರಡೂ ಕಡೆ."

ಹೀಗೆ ಬ್ಯಾಟರಿಯಿಂದ ಸುರುಮಾಡಿ ತಾಯಪ್ಪ ಒಂದೊಂದು ಜೋಡಣೆಯನ್ನೂ ಕೇಳುತ್ತ ಹೋದ. ರಿಲೇ ಕೇಳಿದ, ಸ್ವಿಚ್ ಕೇಳಿದ, ಬೋಲ್ಟಿನ ಬಿಗಿ ಕೇಳಿದ, ಬಾರ್ ಎಷ್ಟು ಬಗ್ಗಿದೆ ಎಂದು ಕೇಳಿದ. ಯಾವ ಅವಸರವೂ ಇರಲಿಲ್ಲ ಅವನಿಗೆ. ಕಲ್ಲೇಶ ಒಂದೊಂದಕ್ಕೂ ಉತ್ತರ ಕೊಡುತ್ತ, ಕಣ್ಣು ಒರೆಸಿಕೊಳ್ಳುತ್ತ, ಆ ಖಾಲಿ ಜಾಗದ ಸುತ್ತ ಒಂದು ಸುತ್ತು ನಡೆದ.

"ಆತು," ಎಂದ ತಾಯಪ್ಪ ಕೊನೆಗೆ. "ಗಾಡಿ ಬಿಡು."

"ಬಿಟ್ಟೆ," ಎಂದ ಕಲ್ಲೇಶ.